ಹಿರಿಯರ ವ್ಯಾಯಾಮದ ಗುಂಪು ಕಟ್ಟುವುದು ಹೇಗೆ? ಮೂರನೇ ವಾರಕ್ಕೆ ಒಡೆಯದ ಹಾಗೆ ಒಂದು ಸಮಗ್ರ ಮಾರ್ಗದರ್ಶಿ

ಮೊದಲ ದಿನ 32 ಜನ. ಎರಡನೇ ವಾರಕ್ಕೆ 11. ತಿಂಗಳ ಕೊನೆಗೆ ಉಳಿದವರು ಗುಂಪು ಶುರು ಮಾಡಿದವರು, ಅವರ ಹೆಂಡತಿ, ಮತ್ತೆ ಪಾರ್ಕಿನ ನಾಯಿ. ಹಿರಿಯರಿಗೆ ಬೆಳಗಿನ ಗುಂಪು ಕಟ್ಟಲು ಹೋದ ಎಷ್ಟೋ ಬಡಾವಣೆಗಳ ಕಥೆ ಇದೇ. ಮೈಸೂರಿನ ನಮ್ಮ ಬಡಾವಣೆಯಲ್ಲೂ ಮೊದಲ ಸಲ ಹೀಗೇ ಆಯಿತು. ಎರಡನೇ ಸಲ ಕಟ್ಟಿದ್ದು ಇನ್ನೂ ನಡೆಯುತ್ತಿದೆ.

ಎರಡೂ ಸಲ ವ್ಯಾಯಾಮ ಹೆಚ್ಚುಕಮ್ಮಿ ಅದೇ. "ಮನೇಲಿ ಮಾತಾಡೋಕೆ ಯಾರೂ ಇಲ್ಲ, ಅದಕ್ಕೆ ಬಂದೆ" ಅಂತ ಯಾವ ಅಜ್ಜಿಯೂ ಬಾಯಿಬಿಟ್ಟು ಹೇಳುವುದಿಲ್ಲ. "ಡಾಕ್ಟ್ರು ಕೈಕಾಲು ಆಡಿಸಿ ಅಂದಿದಾರೆ" ಅನ್ನುತ್ತಾರೆ. ವ್ಯಾಯಾಮ ಅವರಿಗೆ ಮನೆಯಿಂದ ಹೊರಡಲು ಒಂದು ಮರ್ಯಾದೆಯ ನೆಪ. ಮೊದಲ ಸಲ ನಾವು ಆ ನೆಪವನ್ನೇ ಕೆಲಸ ಅಂದುಕೊಂಡೆವು. ಅರ್ಧ ಗಂಟೆ ಮಾಡಿಸಿ, ಕೈಮುಗಿದು, ಎಲ್ಲರನ್ನೂ ಅವರವರ ಖಾಲಿ ಮನೆಗೆ ಕಳಿಸಿಬಿಟ್ಟೆವು.

ಕೆಳಗಿನ ಹಂತಗಳ ಕ್ರಮ ತಪ್ಪಿಸಬೇಡಿ. ಬಹಳ ಜನ 4ನೇ ಹಂತದಿಂದ, ಅಂದರೆ ನೇರ ವ್ಯಾಯಾಮದಿಂದಲೇ ಶುರು ಮಾಡುತ್ತಾರೆ. ಎಡವುವುದೂ ಅಲ್ಲೇ.

## ಏನೇನು ಬೇಕು, ಏನು ಬೇಡ

ಇನ್ನೂರು ಪುಟದ ಒಂದು ನೋಟ್‌ಬುಕ್ಕು, ದಾರ ಕಟ್ಟಿದ ಪೆನ್ನು. ಕೈ ಇರುವ ಗಟ್ಟಿ ಕುರ್ಚಿ ನಾಲ್ಕೋ ಆರೋ. ಒಂದು ಚೀಲದಲ್ಲಿ ಗ್ಲೂಕೋಸ್ ಪುಡಿ, ನೀರಿನ ಬಾಟಲಿ, ಲೋಟ, ಸುತ್ತುವ ಬ್ಯಾಂಡೇಜು, ಗಾಯಕ್ಕೆ ಹಚ್ಚುವ ಔಷಧಿ. ಚಾರ್ಜ್ ಇರುವ ಒಂದು ಫೋನು. ದೊಡ್ಡದೊಂದು ಫ್ಲಾಸ್ಕು. ಇದು ಕೊನೆಯಲ್ಲಿ ಬರೆದಿದ್ದೀನಿ ಅಂತ ಬಿಡಬೇಡಿ, ಇದೇ ಮುಖ್ಯ.

ಮೈಕು, ಬ್ಯಾನರು, ಟೀ ಶರ್ಟು, ಉದ್ಘಾಟನೆ ಬೇಡ. ನಮ್ಮ ಮೊದಲ ಗುಂಪಿಗೆ ಉದ್ಘಾಟನೆ ಇಟ್ಟಿದ್ದೆವು. ಮುಖ್ಯ ಅತಿಥಿ 50 ನಿಮಿಷ ತಡವಾಗಿ ಬಂದರು. ಅಷ್ಟು ಹೊತ್ತು ಮಂಡಿ ನೋವಿನವರೆಲ್ಲ ನಿಂತೇ ಇದ್ದರು. ಅವರಲ್ಲಿ ಅರ್ಧ ಜನ ಮಾರನೇ ದಿನ ಬರಲಿಲ್ಲ.

## ಹಂತ 1: ಮೊದಲು ಮೂರು ಜನರನ್ನು ಹುಡುಕಿ

ಜಾಗಕ್ಕಿಂತ ಮೊದಲು, ಟೀಚರ್‌ಗಿಂತ ಮೊದಲು, ವಾರಕ್ಕೆ ಮೂರು ದಿನ ತಪ್ಪದೆ ಬರುವ ಮೂರು ಜನ ಬೇಕು. ಒಬ್ಬರು ಬಾಗಿಲು ತೆರೆಯುವವರು, ಅಂದರೆ ಎಲ್ಲರಿಗಿಂತ ಹತ್ತು ನಿಮಿಷ ಮುಂಚೆ ಬಂದು ಕುರ್ಚಿ ಹಾಕುವವರು. ಒಬ್ಬರು ವ್ಯಾಯಾಮಕ್ಕೆ ಎಣಿಸುವವರು. ಇನ್ನೊಬ್ಬರು ಬಾರದವರಿಗೆ ಫೋನು ಮಾಡುವವರು. ಮೂವರಲ್ಲಿ ಒಬ್ಬರಾದರೂ ಹೆಂಗಸು ಇರಲೇಬೇಕು. ಇಲ್ಲದಿದ್ದರೆ ಆರು ತಿಂಗಳಲ್ಲಿ ಅದು ನಿವೃತ್ತ ಗಂಡಸರ ರಾಜಕೀಯ ಹರಟೆ ಆಗಿರುತ್ತದೆ.

ಆಮೇಲೆ ಉಳಿದವರು. ಈಗಾಗಲೇ ಪಾರ್ಕಿನಲ್ಲಿ ಸುತ್ತು ಹಾಕುತ್ತಿರುವವರನ್ನು ಕರೆಯುವುದು ಸುಲಭ. ಆದರೆ ನಿಮ್ಮ ಗುಂಪು ಜಾಸ್ತಿ ಬೇಕಾಗಿರುವುದು ಪಾರ್ಕಿಗೇ ಬಾರದವರಿಗೆ. ಅವರು ಎಲ್ಲಿದ್ದಾರೆ ಅಂತ ಹಾಲು ಹಾಕುವ ಹುಡುಗನಿಗೆ ಗೊತ್ತು, ಹೂವಿನವಳಿಗೆ ಗೊತ್ತು, ಮೆಡಿಕಲ್ ಶಾಪಿನವನಿಗೆ ಗೊತ್ತು. "ಈ ರಸ್ತೇಲಿ ಒಬ್ಬರೇ ಇರೋರು ಯಾರು?" ಅಂತ ಕೇಳಿ. ತಿಂಗಳ ಮೊದಲ ವಾರ ಪಿಂಚಣಿಗೆ ಬ್ಯಾಂಕಿನ ಮುಂದೆ ಕೂತವರನ್ನು ನೋಡಿ. ಮೊಮ್ಮಕ್ಕಳನ್ನು ಸ್ಕೂಲ್ ವ್ಯಾನಿಗೆ ಹತ್ತಿಸಿ ಗೇಟಿನಲ್ಲೇ ನಿಂತುಬಿಡುವವರನ್ನೂ ನೋಡಿ.

ಕರೆಯುವ ರೀತಿಯಲ್ಲಿ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. "ಬನ್ನಿ, ಚೆನ್ನಾಗಿರುತ್ತೆ" ಅಂದರೆ "ಆಗಲಿ, ನೋಡೋಣ" ಅನ್ನುತ್ತಾರೆ, ಬರುವುದಿಲ್ಲ. "ಬುಧವಾರ ಆರೂಮುಕ್ಕಾಲಿಗೆ ನಿಮ್ಮ ಗೇಟ್ ಹತ್ತಿರ ಇರ್ತೀನಿ, ಜೊತೇಲಿ ಹೋಗೋಣ" ಅನ್ನಿ. ಮೊದಲ ಮೂರು ಸಲ ಹಾಗೇ ಹೋಗಿ ನಿಲ್ಲಿ. ಪಾಂಪ್ಲೆಟ್ ಹಂಚಿ ಒಬ್ಬರೂ ಬಂದದ್ದನ್ನು ನಾನು ಕಂಡಿಲ್ಲ.

ಮಕ್ಕಳ ಕೆಲಸಕ್ಕಾಗಿ ಬೇರೆ ರಾಜ್ಯದಿಂದ ಬಂದು ನೆಲೆಸಿದ ಅಪ್ಪ ಅಮ್ಮಂದಿರನ್ನು ಮರೆಯಬೇಡಿ. ಅವರಿಗೆ ಭಾಷೆ ಬರುವುದಿಲ್ಲ ಅಂತ ನಾವು ಕರೆಯುವುದಿಲ್ಲ, ಕರೆಯಲಿಲ್ಲ ಅಂತ ಅವರು ಬರುವುದಿಲ್ಲ. ನಮ್ಮಲ್ಲಿ ಎಣಿಕೆ ಒಂದು ದಿನ ಕನ್ನಡ, ಒಂದು ದಿನ ತೆಲುಗು, ಒಂದು ದಿನ ಹಿಂದಿ. ಹತ್ತರವರೆಗೆ ಎಣಿಸುವಷ್ಟರಲ್ಲಿ ನಗು ಬರುತ್ತದೆ, ನಗು ಬಂದ ಮೇಲೆ ಮಾತೂ ಬರುತ್ತದೆ. ಇಂಥವರನ್ನು ಕರೆಯುವ ಜವಾಬ್ದಾರಿಯನ್ನು ಅಮೆರಿಕದಲ್ಲಿ ಮಗನ ಮನೆಯಲ್ಲಿ ಆರು ತಿಂಗಳು ಕಿಟಕಿ ನೋಡಿಕೊಂಡು ಕೂತು ಬಂದವರಿಗೆ ಕೊಡಿ. ಅವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

## ಹಂತ 2: ಜಾಗ ಮತ್ತು ಹೊತ್ತು

ಜಾಗ ನೋಡುವಾಗ ಗಿಡ, ಗಾಳಿ ಆಮೇಲೆ. ಮೊದಲು ಶೌಚಾಲಯ. ಹತ್ತಿರ ಶೌಚಾಲಯ ಇಲ್ಲದಿದ್ದರೆ ಬಿಪಿಗೆ ನೀರಿನ ಮಾತ್ರೆ (ಮೂತ್ರ ಹೆಚ್ಚಿಸುವ ಮಾತ್ರೆ) ತಗೊಳ್ಳುವವರು ಬರುವುದಿಲ್ಲ, ಪ್ರಾಸ್ಟೇಟ್ ತೊಂದರೆ ಇರುವವರೂ ಬರುವುದಿಲ್ಲ. ಯಾಕೆ ಅಂತ ಹೇಳುವುದೂ ಇಲ್ಲ. ಪಾರ್ಕಿನದಕ್ಕೆ ಬೀಗ ಹಾಕಿದ್ದರೆ, ಎದುರು ಮನೆಯವರನ್ನು ಕೇಳಿ ಒಪ್ಪಿಸಿ. ಆ ವಿಷಯ ಮೊದಲ ದಿನವೇ ಎಲ್ಲರಿಗೂ ತಿಳಿಸಿ.

ಆಮೇಲೆ ನೆಲ. ಪಾಚಿ ಕಟ್ಟಿದ ಗ್ರಾನೈಟ್ ಕಲ್ಲು, ಬೇರು ಎದ್ದ ಮಣ್ಣು, ಅಲ್ಲಾಡುವ ಇಂಟರ್‌ಲಾಕ್ ಇಟ್ಟಿಗೆ ಬೇಡ. ಮನೆಯಿಂದ ಐದಾರು ನಿಮಿಷದ ನಡಿಗೆ ಸಾಕು. ನಡುವೆ ದೊಡ್ಡ ರಸ್ತೆ ದಾಟುವ ಹಾಗಿರಬಾರದು. ಬೆನ್ನಿಗೆ ಆಸರೆ ಇರುವ ಒಂದೆರಡು ಬೆಂಚು ಇರಲಿ. ಪಾರ್ಕು ಪಾಲಿಕೆಯದ್ದಾದರೆ ತೋಟಗಾರಿಕೆ ವಿಭಾಗಕ್ಕೆ ಒಂದು ಪತ್ರ ಬರೆದು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಇಟ್ಟುಕೊಳ್ಳಿ. ಯಾರಾದರೂ ತಕರಾರು ತೆಗೆದ ದಿನ ಅದು ಬೇಕಾಗುತ್ತದೆ.

ಹೊತ್ತಿನ ಬಗ್ಗೆ. ಐದೂವರೆಗೆ ಏಳುವ ಉತ್ಸಾಹಿಗಳ ಮಾತು ಕೇಳಬೇಡಿ. ಜನವರಿಯಲ್ಲಿ ಮೈಸೂರಿನಲ್ಲಿ ಸೂರ್ಯ ಹುಟ್ಟುವುದೇ ಆರೂಮುಕ್ಕಾಲರ ಹೊತ್ತಿಗೆ. ಕತ್ತಲಲ್ಲಿ ಬೀಳುವುದು ಸುಲಭ. ಮನೆಯಲ್ಲಿ ಸೊಸೆ, ಮಗಳು ಕೆಲಸಕ್ಕೆ ಹೋಗುವವರಾದರೆ ಬೆಳಿಗ್ಗೆ ಏಳರಿಂದ ಒಂಬತ್ತು ಅಜ್ಜಿಯರಿಗೆ ಬಿಡುವೇ ಇರುವುದಿಲ್ಲ. ಡಬ್ಬಿ, ಮೊಮ್ಮಗಳ ಜಡೆ, ಸ್ಕೂಲ್ ವ್ಯಾನು. ಅವರಿಗಾಗಿ ಸಂಜೆ ನಾಲ್ಕೂವರೆಗೆ ಇನ್ನೊಂದು ಸರದಿ ಇಡಿ. ನಮ್ಮಲ್ಲಿ ಸಂಜೆಯ ಗುಂಪೇ ಈಗ ದೊಡ್ಡದು.

ದಿನಾ ಬೇಡ. ಸೋಮವಾರ, ಬುಧವಾರ, ಶುಕ್ರವಾರ ಸಾಕು. ದಿನಾ ಇದ್ದರೆ "ಇವತ್ತು ಬೇಡ, ನಾಳೆ ಹೋದರಾಯ್ತು" ಅನ್ನಿಸುತ್ತದೆ. ಮೂರೇ ದಿನ ಅಂದರೆ ಲೆಕ್ಕ ಇರುತ್ತದೆ.

## ಹಂತ 3: ನೋಟ್‌ಬುಕ್ಕು ತುಂಬಿಸಿ

ಒಬ್ಬೊಬ್ಬರಿಗೆ ಒಂದು ಪುಟ. ಹೆಸರು, ಮನೆ ಎಲ್ಲಿ, ಫೋನು. ತುರ್ತಿಗೆ ಇಬ್ಬರ ನಂಬರು, ಅದರಲ್ಲಿ ಒಬ್ಬರು ಇದೇ ಊರಲ್ಲಿ ಇರಬೇಕು. ಮಗ ಟೊರಾಂಟೊದಲ್ಲಿದ್ದರೆ ಅಜ್ಜ ಬಿದ್ದ ಹೊತ್ತಿಗೆ ಅವನೇನು ಮಾಡಿಯಾನು? ಪಕ್ಕದ ಮನೆಯವರ ನಂಬರು ಬರೆದುಕೊಳ್ಳಿ.

ಆಮೇಲೆ ಕಾಯಿಲೆ. ಬಿಪಿ, ಶುಗರ್, ಹೃದಯ, ಆಪರೇಷನ್ ಆಗಿದೆಯೇ, ರಕ್ತ ತೆಳು ಮಾಡುವ ಮಾತ್ರೆ ಇದೆಯೇ, ಹಿಂದಿನ ಒಂದು ವರ್ಷದಲ್ಲಿ ಬಿದ್ದಿದ್ದಾರೆಯೇ, ಯಾವ ಕಿವಿ ಮಂದ. ಕೊನೆಯದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಕಿವಿ ಕೇಳದವರು ಗುಂಪಿನಲ್ಲಿ ಇದ್ದೂ ಒಂಟಿ. ಅವರನ್ನು ಮುಂದಿನ ಸಾಲಿನಲ್ಲಿ, ಹೇಳಿಕೊಡುವವರ ಮುಖ ಕಾಣುವ ಕಡೆ ನಿಲ್ಲಿಸಿ. ಹೇಳಿಕೊಡುವವರು ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಬಾರದು, ಮುಖ ಕಪ್ಪಾಗಿ ತುಟಿ ಕಾಣುವುದಿಲ್ಲ.

ನಡೆದರೆ ಎದೆ ಹಿಡಿಯುತ್ತದೆ ಅನ್ನುವವರು, ಇತ್ತೀಚೆಗೆ ಸ್ಟೆಂಟ್ ಹಾಕಿಸಿಕೊಂಡವರು, ಪಾರ್ಶ್ವವಾಯು ಆಗಿದ್ದವರು, ಮೂಳೆ ಮುರಿದು ವಾಸಿಯಾಗುತ್ತಿರುವವರು, ಕಣ್ಣಿನ ಪೊರೆಯ ಆಪರೇಷನ್ ಈಗಷ್ಟೇ ಆದವರು, ಪದೇ ಪದೇ ತಲೆ ಸುತ್ತುವವರು ಮೊದಲು ತಮ್ಮ ಡಾಕ್ಟರನ್ನು ಕೇಳಲಿ. ಅಲ್ಲಿಯವರೆಗೆ ಬಂದು ಕೂರಲಿ. ವಾಪಸ್ ಕಳಿಸಬೇಡಿ.

ನೋಟ್‌ಬುಕ್ಕು ಒಬ್ಬರ ಹತ್ತಿರ ಮಾತ್ರ ಇರಲಿ. ಪುಟದ ಫೋಟೋ ವಾಟ್ಸಾಪಿಗೆ ಹಾಕಬಾರದು.

## ಹಂತ 4: ಅರ್ಧ ಗಂಟೆಯ ವ್ಯಾಯಾಮ

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ 65 ದಾಟಿದವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಬೇಕು. ಜೊತೆಗೆ ವಾರದಲ್ಲಿ ಮೂರು ದಿನವಾದರೂ ಸಮತೋಲನ ಮತ್ತು ಬಲದ ವ್ಯಾಯಾಮ. ನಮ್ಮ ಮೂರು ದಿನದಿಂದ 90 ನಿಮಿಷ ಆಯಿತು. ಉಳಿದ ದಿನಗಳಲ್ಲಿ ಜೋಡಿ ಮಾಡಿಕೊಂಡು ಒಂದಷ್ಟು ನಡೆದರೆ ಲೆಕ್ಕ ಸರಿಹೋಗುತ್ತದೆ.

ದೊಡ್ಡ ತಪ್ಪು ಯಾವುದು ಗೊತ್ತಾ? ಮೊದಲ ದಿನವೇ ಚಾಪೆ ಹಾಸುವುದು. ನೆಲಕ್ಕೆ ಕೂತರೆ ಏಳಲಾಗದವರು ಎಷ್ಟೋ ಜನ. ನಾಲ್ಕು ಜನರ ಮುಂದೆ ಇನ್ನೊಬ್ಬರ ಕೈ ಹಿಡಿದು ಎದ್ದವರು ನಾಳೆ ಬರುವುದಿಲ್ಲ. ಮೊದಲ ಎರಡು ತಿಂಗಳು ನೆಲದ ಮೇಲಿನ ಯಾವ ವ್ಯಾಯಾಮವೂ ಬೇಡ. ಎಲ್ಲವೂ ನಿಂತು, ಇಲ್ಲವೇ ಕುರ್ಚಿಯಲ್ಲಿ. ಸೀರೆ ಉಟ್ಟು ಮಾಡುವಂತಿರಬೇಕು. ಹೆಂಗಸರ ಸಾಲು ಹಿಂದೆ ಇರಲಿ, ಗಂಡಸರ ಕಣ್ಣು ಬೆನ್ನ ಮೇಲಿದ್ದರೆ ಯಾರೂ ಕೈ ಎತ್ತುವುದಿಲ್ಲ.

ಕ್ರಮ ಹೀಗೆ:

1. ಮೈ ಬೆಚ್ಚಗಾಗಲು 5 ನಿಮಿಷ. ನಿಂತಲ್ಲೇ ಹೆಜ್ಜೆ, ಭುಜ ತಿರುಗಿಸುವುದು, ಕುರ್ಚಿ ಹಿಡಿದು ಪಾದ ತಿರುಗಿಸುವುದು. ಕುತ್ತಿಗೆಯನ್ನು ಪೂರ್ತಿ ಸುತ್ತ ತಿರುಗಿಸಬೇಡಿ, ಎಡಕ್ಕೆ ಬಲಕ್ಕೆ ಸಾಕು.

2. ಕುರ್ಚಿಯಿಂದ ಏಳುವುದು, ಕೂರುವುದು. ಇದೊಂದನ್ನು ಬಿಟ್ಟು ಬೇರೆಲ್ಲ ಬಿಟ್ಟರೂ ಪರವಾಗಿಲ್ಲ. ಪಾದ ನೆಲಕ್ಕೆ ಊರಿ, ಸ್ವಲ್ಪ ಮುಂದೆ ಬಾಗಿ, ಉಸಿರು ಬಿಡುತ್ತಾ ಏಳಿ. ನಿಧಾನಕ್ಕೆ ಕೂರಿ, ದೊಪ್ಪೆಂದು ಬೀಳಬೇಡಿ. ಮೊದಲು ಐದು ಸಲ, ತಿಂಗಳಲ್ಲಿ ಹತ್ತು. ಕೈ ಊರಿದರೂ ಸರಿ. ಅಗ್ಗದ ಪ್ಲಾಸ್ಟಿಕ್ ಕುರ್ಚಿಯ ಕಾಲು ನುಣುಪು ನೆಲದಲ್ಲಿ ಅಗಲಕ್ಕೆ ಜಾರುತ್ತದೆ. ಕುರ್ಚಿಯ ಬೆನ್ನು ಗೋಡೆಗೋ ಮರಕ್ಕೋ ತಾಗಿರಲಿ.

3. ಹಿಮ್ಮಡಿ ಎತ್ತುವುದು, ಕಾಲು ಪಕ್ಕಕ್ಕೆ ಎತ್ತುವುದು. ಕುರ್ಚಿಯ ಹಿಂದೆ ನಿಂತು, ಹಿಡಿದುಕೊಂಡು, ಹತ್ತತ್ತು ಸಲ.

4. ಗೋಡೆಗೆ ಕೈಕೊಟ್ಟು ದಂಡ. ಒಂದು ತೋಳಿನಷ್ಟು ದೂರ ನಿಂತು, ಹತ್ತು ಸಲ.

5. ಸಮತೋಲನ. ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು, ಹಿಮ್ಮಡಿಗೆ ಕಾಲ್ಬೆರಳು ತಾಗಿಸಿ, ಹತ್ತು ಎಣಿಸುವವರೆಗೆ ನಿಲ್ಲುವುದು. ಕೈಬೆರಳ ತುದಿ ಕುರ್ಚಿಯ ಮೇಲೆ ಇರಲಿ. ಪಕ್ಕದಲ್ಲಿ ಒಬ್ಬರು ಇರಲಿ.

6. ತಣಿಯಲು 5 ನಿಮಿಷ. ನಿಧಾನ ನಡಿಗೆ, ಉದ್ದ ಉಸಿರು.

ಎಷ್ಟು ಶ್ರಮ ಸರಿ? ಮಾಡುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಮಾತೇ ನಿಂತರೆ ಜಾಸ್ತಿಯಾಯಿತು ಅಂತ ಅರ್ಥ. ಉಸಿರು ಬಿಗಿಹಿಡಿಯಲು ಬಿಡಬೇಡಿ, ಬಿಪಿ ಏರುತ್ತದೆ. ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಇದ್ದವರಿಗೆ ತಲೆ ಕೆಳಗಾಗುವ ಭಂಗಿ ಬೇಡ. ಮೂಳೆ ಟೊಳ್ಳಾಗಿದೆ ಅಂತ ಡಾಕ್ಟರ್ ಹೇಳಿದ್ದರೆ ಸೊಂಟ ಬಾಗಿಸಿ ಪಾದ ಮುಟ್ಟುವುದು ಬೇಡ. ಸಾಧ್ಯವಾದರೆ ಒಬ್ಬ ಫಿಸಿಯೋಥೆರಪಿಸ್ಟನ್ನು ಒಂದೇ ಒಂದು ದಿನ ಕರೆಸಿ ತೋರಿಸಿ, ಅವರು ತಿದ್ದಲಿ.

ಸುಮ್ನೆ ಕೂರುವವರನ್ನು ಒತ್ತಾಯಿಸಬೇಡಿ. ನಮ್ಮಲ್ಲಿ ಒಬ್ಬ ಅಜ್ಜಿ ಎಂಟು ಸಲ ಬಂದು ಬೆಂಚಿನ ತುದಿಯಲ್ಲಿ ಕೂತರು. ಚಪ್ಪಲಿ ಕೂಡ ಬಿಚ್ಚಲಿಲ್ಲ, ಕೈಚೀಲ ತೊಡೆಯ ಮೇಲೆ. ಒಂಬತ್ತನೇ ಸಲ ಎಲ್ಲರೂ ಭುಜ ತಿರುಗಿಸುವಾಗ ಕೈಚೀಲ ಪಕ್ಕಕ್ಕೆ ಇಟ್ಟು ಎಡಭುಜ ಮಾತ್ರ ತಿರುಗಿಸಿದರು. ಬಲಭುಜ ಏಳುವುದೇ ಇಲ್ಲ ಅಂತ ಆಮೇಲೆ ಗೊತ್ತಾಯಿತು. ಅದು ಎದ್ದು ಕಾಣಬಾರದು ಅಂತ ಅಷ್ಟು ದಿನ ಕೂತಿದ್ದರು.

### ತಕ್ಷಣ ನಿಲ್ಲಿಸಬೇಕಾದ ಲಕ್ಷಣಗಳು

ಎದೆ ಬಿಗಿತ, ತಣ್ಣನೆಯ ಬೆವರು, ದವಡೆಗೋ ತೋಳಿಗೋ ಹರಡುವ ನೋವು ಬಂದರೆ "ಗ್ಯಾಸು" ಅಂತ ಸೋಡಾ ಕುಡಿಸುತ್ತಾ ಕೂರಬೇಡಿ. 108ಕ್ಕೆ ಫೋನು ಮಾಡಿ.

ಬಾಯಿ ಒಂದು ಕಡೆ ಜಗ್ಗಿದರೆ, ಒಂದು ಕೈ ಜೋತರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು. ಶುರುವಾದ ಹೊತ್ತು ಬರೆದುಕೊಳ್ಳಿ. ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು.

ಶುಗರ್ ಇರುವವರು ನಡುಗಿ, ಬೆವೆತು, ಏನೇನೋ ಮಾತಾಡಿದರೆ ಸಕ್ಕರೆ ಇಳಿದಿರಬಹುದು. ಮಾತ್ರೆ ನುಂಗಿ ತಿಂಡಿ ತಿನ್ನದೆ ಬರುವವರಲ್ಲಿ ಇದು ಆಗುತ್ತದೆ. ಮೂರು ಟೀ ಚಮಚ ಸಕ್ಕರೆಯನ್ನೋ ಗ್ಲೂಕೋಸನ್ನೋ ನೀರಲ್ಲಿ ಕದಡಿ ಕೊಡಿ. 15 ನಿಮಿಷ ನೋಡಿ, ಸರಿಹೋಗದಿದ್ದರೆ ಇನ್ನೊಮ್ಮೆ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, 108.

ಬಿದ್ದವರನ್ನು ತಟಕ್ಕನೆ ಎತ್ತಬೇಡಿ. ಎಲ್ಲಿ ನೋವು ಅಂತ ಮೊದಲು ಕೇಳಿ. ತೊಡೆಸಂದಿಯಲ್ಲಿ ನೋವಿದ್ದು, ಕಾಲು ಗಿಡ್ಡಗಾಗಿ ಹೊರಕ್ಕೆ ತಿರುಗಿದಂತೆ ಕಂಡರೆ ಅಲ್ಲಾಡಿಸಲೇಬೇಡಿ. ರಕ್ತ ತೆಳು ಮಾಡುವ ಮಾತ್ರೆಯವರು ತಲೆ ಬಡಿದುಕೊಂಡರೆ, ಚೆನ್ನಾಗಿದ್ದೀನಿ ಅಂದರೂ ಆಸ್ಪತ್ರೆಗೆ ಕರೆದೊಯ್ಯಿರಿ.

## ಹಂತ 5: ಆಮೇಲಿನ 20 ನಿಮಿಷ

ಗುಂಪು ಉಳಿಯುವುದು ಇಲ್ಲಿ. ಫ್ಲಾಸ್ಕು ತೆಗೆಯಿರಿ. ಸರದಿ ಪ್ರಕಾರ ಒಬ್ಬೊಬ್ಬರ ಮನೆಯಿಂದ ಕಾಫಿ, ಶುಗರ್‌ನವರಿಗೆ ಬೇರೆ ಫ್ಲಾಸ್ಕಿನಲ್ಲಿ ಸಕ್ಕರೆ ಇಲ್ಲದ್ದು. ತಿಂಡಿ ಬೇಡ. ತಿಂಡಿ ಬಂದರೆ ಪೈಪೋಟಿ ಬರುತ್ತದೆ. ಒಬ್ಬರು ಚಕ್ಕುಲಿ ತಂದರೆ ಮುಂದಿನವರು ಕೋಡುಬಳೆ, ಅದರ ಮುಂದಿನವರು ಕೈಲಾಗದೆ ಬರುವುದನ್ನೇ ಬಿಡುತ್ತಾರೆ. ಕಾಫಿ ಮಾಡಲಾಗದವರು ಲೋಟ ತೊಳೆಯಲಿ. ಪ್ರತಿಯೊಬ್ಬರಿಗೂ ಒಂದು ಕೆಲಸ ಇರಲಿ. ಬರೀ ಅತಿಥಿಯಾಗಿ ಕೂರುವುದು ಅವರಿಗೆ ಮನೆಯಲ್ಲೇ ಸಾಕಾಗಿರುತ್ತದೆ.

ಕುರ್ಚಿಗಳನ್ನು ಸಾಲಿನಿಂದ ತೆಗೆದು ವೃತ್ತಕ್ಕೆ ಹಾಕಿ. ಇದೊಂದು ಕೆಲಸಕ್ಕೆ ಒಂದು ನಿಮಿಷ ಬೇಕು, ಮಾತು ತಾನಾಗಿ ಶುರುವಾಗುತ್ತದೆ. ಹೊಸಬರಿದ್ದರೆ ಒಂದು ಪ್ರಶ್ನೆ ಹಾಕಿ: ನಿಮ್ಮೂರಲ್ಲಿ ಹುಳಿಗೆ ಏನು ಹಾಕ್ತಾರೆ, ಮೊದಲ ಸಂಬಳ ಎಷ್ಟು, ಮದುವೆಗೆ ಎಷ್ಟು ಜನ ಬಂದಿದ್ದರು. ಮಕ್ಕಳು ಏನು ಮಾಡುತ್ತಿದ್ದಾರೆ ಅಂತ ಮಾತ್ರ ಮೊದಲ ದಿನ ಕೇಳಬೇಡಿ. ಮಕ್ಕಳು ಮಾತು ಬಿಟ್ಟವರು ಇರುತ್ತಾರೆ, ಮಕ್ಕಳಿಲ್ಲದವರು ಇರುತ್ತಾರೆ, ಮಗನನ್ನು ಕಳೆದುಕೊಂಡವರೂ ಇರುತ್ತಾರೆ.

ಸಂಜೆ ಗುಂಪಿಗೆ ಚೌಕಾಬಾರ, ಅಳಗುಳಿಮಣೆ ತನ್ನಿ. ಮಾತು ಕಡಿಮೆ ಇರುವವರಿಗೆ ಆಟ ಒಳ್ಳೆಯದು, ಸುಮ್ಮನೆ ಕೂತರೂ ಜೊತೆಯಲ್ಲಿ ಕೂತಂತೆ.

## ಹಂತ 6: ಬಾರದವರಿಗೆ ಫೋನು

ಪ್ರತಿ ದಿನ ಹಾಜರಿ ಹಾಕಿ. ಹೇಳದೆ ತಪ್ಪಿಸಿಕೊಂಡವರಿಗೆ ಅದೇ ದಿನ ಹತ್ತು ಗಂಟೆಯೊಳಗೆ ಒಬ್ಬರು ಫೋನು ಮಾಡಬೇಕು. ಸಂಜೆಯವರಾದರೆ ಅದೇ ಸಂಜೆ. ವಾಟ್ಸಾಪ್ ಮೆಸೇಜು ಆಗುವುದಿಲ್ಲ, ಧ್ವನಿ ಬೇಕು. "ಯಾಕೆ ಬರಲಿಲ್ಲ?" ಅಂದರೆ ಸ್ಕೂಲ್ ಮೇಷ್ಟ್ರು ಕೇಳಿದ ಹಾಗಾಗುತ್ತದೆ. "ಇವತ್ತು ನಿಮ್ಮ ಕುರ್ಚಿ ಖಾಲಿ ಇತ್ತು, ಹುಷಾರಾಗಿದ್ದೀರಾ?" ಅನ್ನಿ. ಎರಡು ಸಲ ಫೋನು ಎತ್ತದಿದ್ದರೆ ಮನೆಗೆ ಹೋಗಿ ಬೆಲ್ ಮಾಡಿ. ಒಬ್ಬರೇ ಇರುವವರ ವಿಷಯದಲ್ಲಿ ಇದನ್ನು ನಾಳೆಗೆ ಹಾಕಬೇಡಿ.

ಈ ಕೆಲಸ ಬೇಜಾರಿನದು, ಮೊದಲು ನಿಂತುಹೋಗುವುದೂ ಇದೇ. ತಿಂಗಳಿಗೊಮ್ಮೆ ಫೋನು ಮಾಡುವವರನ್ನು ಬದಲಾಯಿಸಿ.

## ಹಂತ 7: ದುಡ್ಡು, ವಾಟ್ಸಾಪು, ದೇವರು

ತಿಂಗಳ ಚಂದಾ ಬೇಡ. ಕೊಡಲಾಗದವರು ನಾಚಿಕೆಯಿಂದ ದೂರವಾಗುತ್ತಾರೆ. ಒಂದು ಮುಚ್ಚಿದ ಡಬ್ಬಿ ಇಡಿ, ಹಾಕುವವರು ಹಾಕಲಿ, ಯಾರೂ ನೋಡದಿರಲಿ. ಲೆಕ್ಕ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ. ಸಂಘ ಅಂತ ನೋಂದಣಿ ಮಾಡಿಸುವ ಉತ್ಸಾಹ ಒಂದು ವರ್ಷ ತಡೆಯಿರಿ. ಅಧ್ಯಕ್ಷ, ಕಾರ್ಯದರ್ಶಿ ಅಂದ ಕೂಡಲೇ ಜಗಳ ಶುರು.

ವಾಟ್ಸಾಪ್ ಗುಂಪಿನಲ್ಲಿ ಅಡ್ಮಿನ್ ಮಾತ್ರ ಬರೆಯುವಂತೆ ಇಡಿ. ಇಲ್ಲದಿದ್ದರೆ ಗುಡ್ ಮಾರ್ನಿಂಗ್ ಹೂವಿನ ನಡುವೆ "ನಾಳೆ ಸಮಯ ಬದಲು" ಅನ್ನುವುದು ಕಾಣದೆ ಹೋಗುತ್ತದೆ, ಚುನಾವಣೆ ಬಂದಾಗ ಗುಂಪೇ ಎರಡಾಗುತ್ತದೆ. ಬಟನ್ ಫೋನಿನವರಿಗೆ ಕರೆ ಮಾಡಿಯೇ ಹೇಳಿ.

ಪ್ರಾರ್ಥನೆಯಿಂದ ಶುರು ಮಾಡೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನನ್ನ ಅಭಿಪ್ರಾಯ: ಬೇಡ. ಭಜನೆ ಬೇಕಾದವರು ಶನಿವಾರ ಬೇರೆ ಸೇರಲಿ. ಮುಂದಿನ ಬೀದಿಯ ಸಾಹೇಬರು, ಚರ್ಚಿಗೆ ಹೋಗುವ ಟೀಚರಮ್ಮ ಬಾಗಿಲಲ್ಲೇ ನಿಲ್ಲುವಂತಾಗಬಾರದು.

## ಹಂತ 8: ಮಳೆ, ಹಬ್ಬ, ಪ್ರವಾಸ

ಜೂನ್ ಬರುವ ಮೊದಲೇ ಒಂದು ಸೂರು ನೋಡಿಕೊಳ್ಳಿ: ಸಮುದಾಯ ಭವನ, ಯಾರದ್ದಾದರೂ ಕಾರ್ ಶೆಡ್ಡು. "ಮಳೆ ನಿಂತ ಮೇಲೆ ನೋಡೋಣ" ಅಂದ ಗುಂಪು ಮಳೆ ನಿಂತ ಮೇಲೆ ಇರುವುದಿಲ್ಲ. ಮಳೆ ಜೋರಾದರೆ ವ್ಯಾಯಾಮ ಬಿಡಿ, ಕಾಫಿ ಬಿಡಬೇಡಿ.

ಹಬ್ಬದ ವಾರ ಜನ ಕಡಿಮೆ, ಆದರೆ ಮಕ್ಕಳು ಬಾರದ ಮನೆಗೆ ಅದೇ ಅತಿ ಕಷ್ಟದ ವಾರ. ಆಗ ಮುಚ್ಚಬೇಡಿ. ದಸರೆಯಲ್ಲಿ ನಾವು ಸರದಿಯ ಮೇಲೆ ಒಬ್ಬೊಬ್ಬರ ಮನೆಯ ಗೊಂಬೆ ನೋಡಲು ಹೋಗುತ್ತೇವೆ. ಹತ್ತು ವರ್ಷದಿಂದ ಅಟ್ಟದ ಮೇಲಿದ್ದ ಪಟ್ಟದ ಗೊಂಬೆಗಳು ಹೀಗೆ ಇಳಿದಿವೆ.

ಪ್ರವಾಸ ಹತ್ತಿರಕ್ಕೆ, ಅರ್ಧ ದಿನದ್ದು. ಕುಕ್ಕರಹಳ್ಳಿ ಕೆರೆ, ಕಾರಂಜಿ ಕೆರೆ ಸಾಕು. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತ, ಗಂಡಸರು ಗೊಣಗುತ್ತಾ ಟಿಕೆಟ್ ತಗೊಳ್ಳುತ್ತಾರೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತೋಣ ಅನ್ನುವ ಒಬ್ಬರು ಎಲ್ಲ ಗುಂಪಿನಲ್ಲೂ ಇರುತ್ತಾರೆ. ಅವರು ಬೇಕಾದರೆ ಹತ್ತಿ ಬರಲಿ, ಉಳಿದವರು ಬಸ್ಸಿನಲ್ಲಿ ಹೋಗಿ ಮೇಲೆ ಕಾಯಲಿ.

## ಗುಂಪಿನ ಕೈ ಮೀರಿದ್ದು

ಬರುತ್ತಿದ್ದವರು ಸ್ನಾನ, ಬಟ್ಟೆಯ ಕಡೆ ಗಮನ ಬಿಟ್ಟರೆ, ಊಟ ನಿದ್ದೆ ತೀರಾ ಕಡಿಮೆಯಾದರೆ, "ಇದ್ದು ಏನು ಪ್ರಯೋಜನ" ಅನ್ನತೊಡಗಿದರೆ, ದಿನಾ ಬರುವ ದಾರಿ ಮರೆತರೆ ಡಾಕ್ಟರ್ ಬೇಕು. ವಯಸ್ಸಾಯ್ತು ಅಂತ ತಳ್ಳಿಹಾಕಬೇಡಿ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಮನೆಯಲ್ಲಿ ಹಿಂಸೆ, ಆಸ್ತಿಗೆ ಬಲವಂತ, ಊಟ ಹಾಕದಿರುವುದು ಗೊತ್ತಾದರೆ ಹಿರಿಯರ ಸಹಾಯವಾಣಿ 14567. ಮಕ್ಕಳಿಂದ ಜೀವನಾಂಶ ಕೇಳಲು 2007ರ ಕಾಯ್ದೆ ಇದೆ. ಗುಂಪಿನ ನಡುವೆ ಇದನ್ನು ಚರ್ಚಿಸಬೇಡಿ. ಒಬ್ಬರು, ಅವರಿಗೆ ಹತ್ತಿರವಾದವರು, ಜೊತೆಯಲ್ಲಿ ನಡೆಯುತ್ತಾ ಕೇಳಲಿ.

## ಒಂದು ಕುರ್ಚಿ ಖಾಲಿಯಾದಾಗ

ಇದನ್ನು ಯಾರೂ ಮೊದಲೇ ಯೋಚಿಸಿರುವುದಿಲ್ಲ. ಗುಂಪಿನಲ್ಲಿ ಮೊದಲ ಸಾವು ಆದಾಗ ಕೆಲವರು ಹೆದರಿ ಬರುವುದನ್ನು ನಿಲ್ಲಿಸುತ್ತಾರೆ. ಅವತ್ತು ರದ್ದು ಮಾಡಬೇಡಿ. ಸೇರಿ, ವ್ಯಾಯಾಮ ಬೇಡ, ಕೂತು ಅವರ ಬಗ್ಗೆ ಮಾತಾಡಿ, ಕಾಫಿ ಕುಡಿದು ಏಳಿ. ಕುರ್ಚಿಯನ್ನು ಒಂದು ವಾರ ಹಾಗೇ ಇರಲು ಬಿಟ್ಟು ಆಮೇಲೆ ವೃತ್ತದಲ್ಲಿ ಸೇರಿಸಿ.

ಹೋದವರ ಗಂಡನೋ ಹೆಂಡತಿಯೋ ಉಳಿದಿದ್ದರೆ, ಮೊದಲ ಹದಿಮೂರು ದಿನ ಮನೆ ತುಂಬ ಜನ ಇರುತ್ತಾರೆ. ಬೇರೆಯವರಲ್ಲಿ ಅವರವರ ಪದ್ಧತಿಯಷ್ಟು ದಿನ. ಆಗ ಒಮ್ಮೆ ಹೋಗಿ ಮುಖ ತೋರಿಸಿ ಬನ್ನಿ, ಸಾಕು. ಹದಿನಾಲ್ಕನೇ ದಿನ ಬಂದವರೆಲ್ಲ ಬಸ್ಸು, ವಿಮಾನ ಹತ್ತುತ್ತಾರೆ. ಆ ತಾರೀಕನ್ನು ನೋಟ್‌ಬುಕ್ಕಿನಲ್ಲಿ ಮೊದಲೇ ಬರೆದಿಡಿ. ಅವತ್ತು ಆರೂಮುಕ್ಕಾಲಿಗೆ ಅವರ ಗೇಟಿನ ಮುಂದೆ ಇಬ್ಬರು ನಿಂತಿರಲಿ. ಬರುವುದಿಲ್ಲ ಅಂದರೆ ಬಲವಂತ ಬೇಡ. ಫ್ಲಾಸ್ಕು ಜೊತೆಯಲ್ಲೇ ಇರಲಿ, ಜಗಲಿಯ ಮೇಲೆ ಕೂತು ಕಾಫಿ ಕುಡಿದು ಬನ್ನಿ. ಮತ್ತೆ ಶುಕ್ರವಾರ ಹೋಗಿ.